ಹಳೆ ಕಂಪ್ಯೂಟರ್ ಚಿಪ್‌ನಲ್ಲಿರುವ ಬಂಗಾರ: ಮನೆಯಲ್ಲಿ ಎಲ್ಲಿಯವರೆಗೆ ಮಾಡಬಹುದು, ಎಲ್ಲಿ ನಿಲ್ಲಿಸಬೇಕು

ಅಂಗಡಿ ಮೂಲೆಯಲ್ಲಿ ಹಳೆ ಮದರ್‌ಬೋರ್ಡ್, ರ‍್ಯಾಮ್, ಪ್ರೊಸೆಸರ್ ರಾಶಿ ಬಿದ್ದಿದೆ, ಇದರಿಂದ ಬಂಗಾರ ತೆಗೆಯೋದು ಹೇಗೆ? ಗಂಗಾವತಿ, ಸಿಂಧನೂರು, ಸಿರುಗುಪ್ಪ, ಎಲ್ಲ ಕಡೆಯಿಂದ ಇದೇ ಪ್ರಶ್ನೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಮೊಬೈಲ್ ರಿಪೇರಿ ಮಾಡುವವರು, ಇಲ್ಲವೇ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸಿದವರು. ವಿಡಿಯೋ ನೋಡಿರುತ್ತಾರೆ. ಬಕೆಟ್‌ನಲ್ಲಿ ಆಸಿಡ್, ಕೊನೆಗೆ ಹೊಳೆಯುವ ಗುಂಡು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ.

ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬಂಗಾರ ಇರೋದು ನಿಜ. ಅದರ ಬೆಲೆಯ ದೊಡ್ಡ ಪಾಲು ನಿಮ್ಮ ಕೈಗೆ ಬರಬೇಕಾದರೆ ನೀವು ಮಾಡಬೇಕಾದ್ದು ಬಿಚ್ಚುವುದು, ವಿಂಗಡಿಸುವುದು, ತೂಗುವುದು, ಲೆಕ್ಕ ಹಾಕಿ ಸರಿಯಾದವರಿಗೆ ಮಾರುವುದು. ಆಸಿಡ್‌ನಲ್ಲಿ ಕರಗಿಸುವುದು ಮನೆಯ ಕೆಲಸ ಅಲ್ಲ, ಅದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಯಾಕೆ ಬೇಡ ಅನ್ನುವುದನ್ನು ಮಾತ್ರ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸುಮ್ನೆ "ಬೇಡ" ಅಂದರೆ ಯಾರೂ ಕೇಳುವುದಿಲ್ಲ.

ಎಷ್ಟು ಬಂಗಾರ ಇರುತ್ತದೆ?

ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಸಿಗುವುದು ಕೆಲವೇ ಗ್ರಾಂ ಬಂಗಾರ. ಒಂದು ಟನ್ ಕಂಪ್ಯೂಟರ್ ಬೋರ್ಡ್‌ನಲ್ಲಿ ಸಾಮಾನ್ಯವಾಗಿ 100ರಿಂದ 250 ಗ್ರಾಂ ಇರುತ್ತದೆ. ಈ ಹೋಲಿಕೆ ಕೇಳಿಯೇ ಎಲ್ಲರಿಗೂ ಆಸೆ ಹುಟ್ಟುವುದು. ಆದರೆ ಟನ್ ಅಂದರೆ ಎಷ್ಟು ಬೋರ್ಡ್ ಅಂತ ಯೋಚಿಸಿ. ಒಂದು ಮದರ್‌ಬೋರ್ಡ್ ಒಂದು ಕಿಲೋ ಕೂಡ ತೂಗುವುದಿಲ್ಲ. ಸಾವಿರಕ್ಕೂ ಹೆಚ್ಚು ಬೋರ್ಡ್ ಸೇರಿದಾಗ ಮಾತ್ರ ಆ ಲೆಕ್ಕ.

ಇನ್ನೊಂದು ಲೆಕ್ಕ ನೋಡಿ. ಟೋಕಿಯೋ 2020 ಒಲಿಂಪಿಕ್ಸ್ ಪದಕಗಳಿಗಾಗಿ ಜಪಾನಿನಲ್ಲಿ ಮೊಬೈಲ್ ಸೇರಿ ಸುಮಾರು 78,985 ಟನ್ ಹಳೆ ಎಲೆಕ್ಟ್ರಾನಿಕ್ ಸಾಮಾನು ಕೂಡಿಸಿದರು. ಅದರಿಂದ ಬಂದ ಬಂಗಾರ ಸುಮಾರು 32 ಕಿಲೋ. ಟನ್‌ಗೆ ಅರ್ಧ ಗ್ರಾಂ ಕೂಡ ಆಗಲಿಲ್ಲ. ಯಾಕೆ ಇಷ್ಟು ಕಡಿಮೆ? ಪ್ಲಾಸ್ಟಿಕ್, ಕಬ್ಬಿಣ, ಗಾಜು, ಮೋಟಾರು ಎಲ್ಲವನ್ನೂ ಸೇರಿಸಿ ತೂಗಿದ್ದಕ್ಕೆ. ಬಂಗಾರ ಇರುವ ಭಾಗವನ್ನು ಬೇರೆ ಮಾಡಿದಷ್ಟೂ ಕಿಲೋದ ಬೆಲೆ ಏರುತ್ತದೆ, ಕಲಬೆರಕೆ ಮಾಡಿದಷ್ಟೂ ಇಳಿಯುತ್ತದೆ. ನೀವು ಮನೆಯಲ್ಲಿ ಕೂತು ಮಾಡುವ ವಿಂಗಡಣೆಗೆ ಬೆಲೆ ಬರುವುದು ಇದಕ್ಕೇ.

ಬೇಕಾದ ಸಾಮಾನು

ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಹಾರ್ಡ್ ಡಿಸ್ಕ್‌ಗೆ ಟಿ8 ಟಾರ್ಕ್ಸ್ ಬಿಟ್ (ಆರು ಮೂಲೆಯ ನಕ್ಷತ್ರದ ತುದಿ ಇರುವುದು), ಇಕ್ಕಳ, ಸೈಡ್ ಕಟರ್, ತಗಡು ಕತ್ತರಿಸುವ ಕತ್ತರಿ, ಒಂದು ಮ್ಯಾಗ್ನೆಟ್, 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, ಮುಚ್ಚಳ ಇರುವ ಡಬ್ಬಿಗಳು, ಮಾರ್ಕರ್ ಪೆನ್. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಮೂಗಿಗೆ ಎನ್95 ಮಾಸ್ಕ್. ಬೋರ್ಡಿನ ಬೆಸುಗೆಯಲ್ಲಿ, ಅದರಲ್ಲೂ ಹಳೆಯದರಲ್ಲಿ, ಸೀಸ ಇರುತ್ತದೆ. ಹಾಗಾಗಿ ಅಡುಗೆಮನೆಯಲ್ಲಿ, ಮಕ್ಕಳು ಆಡುವ ಕಡೆ ಈ ಕೆಲಸ ಬೇಡ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಇನ್ನೂ ದೂರ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

1. ಮೊದಲು ಅಪಾಯದ್ದನ್ನು ಬದಿಗಿಡಿ

ಬಿಚ್ಚುವ ಮುಂಚೆ ರಾಶಿಯನ್ನು ಒಮ್ಮೆ ನೋಡಿ. ಹಳೆ ಡಬ್ಬಾ ಮಾನಿಟರ್ (ಗಾಜಿನ ಪಿಕ್ಚರ್ ಟ್ಯೂಬ್ ಇರುವುದು) ಬಿಚ್ಚಲೇಬೇಡಿ. ಅದರ ಗಾಜಿನಲ್ಲಿ ಸೀಸ ಇದೆ, ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು, ಬಂಗಾರ ಮಾತ್ರ ಹೇಳಿಕೊಳ್ಳುವಷ್ಟು ಇಲ್ಲ. ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದನ್ನೂ ಮುಚ್ಚಿದ ಹಾಗೇ ಇಡಿ. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ, ದೊಡ್ಡ ಕೆಪಾಸಿಟರ್ ಅದನ್ನು ಪ್ಲಗ್ ತೆಗೆದ ಮೇಲೂ ಹಿಡಿದಿಟ್ಟುಕೊಳ್ಳಬಲ್ಲದು.

ಲ್ಯಾಪ್‌ಟಾಪ್, ಮೊಬೈಲ್ ಬ್ಯಾಟರಿಗಳನ್ನು ಚುಚ್ಚಬೇಡಿ, ಬಗ್ಗಿಸಬೇಡಿ. ಉಬ್ಬಿದ ಬ್ಯಾಟರಿ ಇದ್ದರೆ ಒಣ ಮರಳಿರುವ ಕಬ್ಬಿಣದ ಡಬ್ಬಿಯಲ್ಲಿಟ್ಟು ಮನೆಯಿಂದ ದೂರ, ನೆರಳಲ್ಲಿ ಇಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ತಗಡಿನ ಶೆಡ್ ಒಳಗೆ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು, ಬ್ಯಾಟರಿ ರಾಶಿ ಅಲ್ಲಿ ಬೇಡವೇ ಬೇಡ. ಮದರ್‌ಬೋರ್ಡ್ ಮೇಲಿನ ಬಿಲ್ಲೆ ಸೆಲ್ (ಸಿಆರ್2032) ತೆಗೆದು ಬೇರೆ ಡಬ್ಬಿಗೆ ಹಾಕಿ.

2. ಕೆಲಸ ಮಾಡುವುದನ್ನು ಒಡೆಯಬೇಡಿ

ಜನ ಜಾಸ್ತಿ ನಷ್ಟ ಮಾಡಿಕೊಳ್ಳುವುದು ಇಲ್ಲಿ. ಕೆಲಸ ಮಾಡುವ ರ‍್ಯಾಮ್ ಅಥವಾ ಪ್ರೊಸೆಸರ್ ಅನ್ನು ಹಾಗೇ ಮಾರಿದರೆ ಬರುವ ದುಡ್ಡು ಅದರೊಳಗಿನ ಬಂಗಾರದ ಬೆಲೆಗಿಂತ ಸಾಮಾನ್ಯವಾಗಿ ಎಷ್ಟೋ ಪಟ್ಟು ಹೆಚ್ಚು. ಬೇರೆ ಬೋರ್ಡಿಗೆ ಹಾಕಿ ನೋಡಿ, ಓಡಿದರೆ ಸೆಕೆಂಡ್ ಹ್ಯಾಂಡ್ ಆಗಿ ಮಾರಿ.

ತುಂಬಾ ಹಳೆಯ ಪಿಂಗಾಣಿ ಮೈಯ ಪ್ರೊಸೆಸರ್‌ಗಳು, ಅಂದರೆ ಸೆರಾಮಿಕ್ ಚಿಪ್‌ಗಳು, ಸಿಕ್ಕರೆ ಇನ್ನೂ ಜೋಪಾನ. 386, 486, ಮೊದಲ ಪೆಂಟಿಯಂ, 1995ರಲ್ಲಿ ಬಂದ ಪೆಂಟಿಯಂ ಪ್ರೊ, ಇವುಗಳಲ್ಲಿ ಬಂಗಾರ ಹೆಚ್ಚು. ಪೆಂಟಿಯಂ ಪ್ರೊ ಅಂತೂ ಬಂಗಾರಕ್ಕೇ ಹೆಸರಾದ ಚಿಪ್. ಆದರೆ ಇವನ್ನು ಸಂಗ್ರಹಕ್ಕಾಗಿ ಕೊಳ್ಳುವವರು ಪ್ರಪಂಚದ ತುಂಬಾ ಇದ್ದಾರೆ. ಪಿನ್ ಬಾಗದ, ಮೇಲಿನ ಅಕ್ಷರ ಅಳಿಸದ ಚಿಪ್‌ಗೆ ಅವರು ಕೊಡುವ ಬೆಲೆ ಬಂಗಾರದ ಬೆಲೆಯನ್ನು ಮೀರಬಹುದು. ಹಾಗಾಗಿ ಪಿನ್ ಕೀಳುವ ಮುಂಚೆ ಆನ್‌ಲೈನ್‌ನಲ್ಲಿ ಆ ಮಾಡೆಲ್ ಎಷ್ಟಕ್ಕೆ ಹೋಗಿದೆ ಅಂತ ಒಮ್ಮೆ ನೋಡಿ.

ಪಿಂಗಾಣಿ ಚಿಪ್ ಅನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಬೇಡಿ. ಕೆಲವು ಎಲೆಕ್ಟ್ರಾನಿಕ್ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ. ಗಟ್ಟಿಯಾಗಿರುವಾಗ ತೊಂದರೆ ಇಲ್ಲ, ಆದರೆ ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಕಾಡುವ ಕಾಯಿಲೆ ತರಬಹುದು. ಯಾವುದರಲ್ಲಿದೆ, ಯಾವುದರಲ್ಲಿಲ್ಲ ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

3. ಬಿಚ್ಚಿ, ದೊಡ್ಡ ಲೋಹ ಬೇರೆ ಮಾಡಿ

ಅಲ್ಯೂಮಿನಿಯಂ ಹೀಟ್‌ಸಿಂಕ್ (ಚಿಪ್ ತಂಪು ಮಾಡುವ ರೆಕ್ಕೆಗಳಿರುವ ತುಂಡು), ತಾಮ್ರದ ಕೇಬಲ್, ಕಬ್ಬಿಣದ ಡಬ್ಬಿ, ಇವನ್ನೆಲ್ಲ ಬೇರೆ ಮಾಡಿ. ಕೇಬಲ್‌ನ ಪ್ಲಾಸ್ಟಿಕ್ ಸುಲಿಯಲು ಬೆಂಕಿ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಪಿವಿಸಿ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹೊಗೆಯಲ್ಲಿ ಬರುತ್ತದೆ, ಬೋರ್ಡ್ ಸುಟ್ಟರೂ ಅಷ್ಟೇ. ಓಣಿಯವರೆಲ್ಲ ಆ ಹೊಗೆ ಕುಡಿಯಬೇಕಾಗುತ್ತದೆ, ಜೊತೆಗೆ ಸುಟ್ಟ ತಾಮ್ರಕ್ಕೆ ಬೆಲೆಯೂ ಕಡಿಮೆ.

ಹಾರ್ಡ್ ಡಿಸ್ಕ್‌ನಲ್ಲಿ ಯಾರದ್ದೋ ಫೋಟೋ, ಬ್ಯಾಂಕ್ ವಿವರ ಇರುತ್ತದೆ. ಓಡುವ ಡಿಸ್ಕ್ ಆದರೆ ಪೂರ್ತಿ ಅಳಿಸಿ, ಓಡದಿದ್ದರೆ ಒಳಗಿನ ತಟ್ಟೆ ಹಾಳು ಮಾಡಿ. ಲ್ಯಾಪ್‌ಟಾಪ್ ಡಿಸ್ಕ್‌ನ ತಟ್ಟೆ ಹೆಚ್ಚಾಗಿ ಗಾಜಿನದು, ಹೊಡೆದರೆ ಚೂರು ಚೂರಾಗಿ ಸಿಡಿಯುತ್ತದೆ. ಕನ್ನಡಕ ಹಾಕಿ, ಡಿಸ್ಕ್ ಅನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಕೊಂಡು ಹೊಡೆಯಿರಿ. ಅದರ ಹಿಂದಿರುವ ಸಣ್ಣ ಹಸಿರು ಬೋರ್ಡ್ ಬಿಚ್ಚಿ ಬೇರೆ ಇಡಿ, ಅದು ಒಳ್ಳೆ ದರ್ಜೆಯ ಮಾಲು.

4. ನಿಜವಾದ ಬಂಗಾರ ಗುರುತಿಸಿ

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಇಲ್ಲೂ ಹಾಗೇ. ಬೋರ್ಡಿನ ಹಸಿರು ಬಣ್ಣದ ಕೆಳಗೆ ಹಳದಿಯಾಗಿ ಕಾಣುವ ಗೆರೆಗಳು ತಾಮ್ರ. ಬೋರ್ಡ್ ಕೂರಿಸುವ ಹಳದಿ ಕಂಬಗಳು ಹಿತ್ತಾಳೆ. ಪುಟ್ಟ ಹಳದಿ ಇಟ್ಟಿಗೆಯ ಆಕಾರದವು ಟ್ಯಾಂಟಲಂ ಕೆಪಾಸಿಟರ್, ಅವುಗಳ ಮೇಲಿರುವುದು ಬರೀ ಬಣ್ಣ.

ಬಂಗಾರ ಎಲ್ಲಿರುತ್ತದೆ? ಕಾರ್ಡ್ ಮತ್ತು ರ‍್ಯಾಮ್ ಅಂಚಿನಲ್ಲಿ ಸಾಲಾಗಿ ಇರುವ ಹಳದಿ ಪಟ್ಟಿಗಳಲ್ಲಿ, ಇವನ್ನು ಗೋಲ್ಡ್ ಫಿಂಗರ್ ಅನ್ನುತ್ತಾರೆ. ಪ್ರೊಸೆಸರ್‌ನ ಪಿನ್ ಮತ್ತು ಚುಕ್ಕೆಗಳಲ್ಲಿ. ಸ್ಲಾಟ್ ಮತ್ತು ಕನೆಕ್ಟರ್ ಒಳಗಿನ ಪಿನ್‌ಗಳಲ್ಲಿ, ಅದೂ ತಾಗುವ ತುದಿಯಲ್ಲಿ ಮಾತ್ರ, ಉಳಿದ ಭಾಗಕ್ಕೆ ತವರದ ಲೇಪ. ಕಪ್ಪು ಚಿಪ್‌ಗಳ ಒಳಗೆ ಕೂದಲಿಗಿಂತ ತೆಳ್ಳಗಿನ ಬಂಗಾರದ ತಂತಿಗಳೂ ಇರುತ್ತವೆ, ಸುಮಾರು 25 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬಂಗಾರ ತುಟ್ಟಿಯಾದಂತೆ ಹೊಸ ಚಿಪ್‌ಗಳಲ್ಲಿ ಆ ತಂತಿಯ ಜಾಗಕ್ಕೆ ತಾಮ್ರ ಬಂದಿದೆ. ಹಾಗಾಗಿ ಹೊಸ ಮಾಲಿಗಿಂತ ಹಳೆ ಮಾಲಿಗೆ ಬೆಲೆ ಜಾಸ್ತಿ.

ಎರಡು ಪರೀಕ್ಷೆಗಳು ದಾರಿ ತಪ್ಪಿಸುತ್ತವೆ. ಮೊದಲನೆಯದು ಮ್ಯಾಗ್ನೆಟ್. ಮ್ಯಾಗ್ನೆಟ್‌ಗೆ ಅಂಟಿದರೆ ಬಂಗಾರ ಅಲ್ಲ ಅಂತ ಎಸೆಯುವವರಿದ್ದಾರೆ. ಆದರೆ ಹಳೆ ಪಿಂಗಾಣಿ ಪ್ರೊಸೆಸರ್‌ನ ಪಿನ್‌ಗಳು ಕೋವಾರ್ ಅನ್ನುವ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮಿಶ್ರಣದವು, ಮೇಲೆ ಬಂಗಾರದ ಲೇಪ. ಅವು ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟುತ್ತವೆ, ಆದರೂ ಒಳ್ಳೆ ಮಾಲು. ಎರಡನೆಯದು ಪತ್ತಾರರ ಒರೆಗಲ್ಲು. ತೆಳು ಲೇಪವನ್ನು ಮೆತ್ತಗೆ ಒರೆ ಹಚ್ಚಿದರೆ ಕಲ್ಲಿನ ಮೇಲೆ ಬಂಗಾರದ ಗೆರೆಯೇ ಬೀಳುತ್ತದೆ, ಒಳಗೆಲ್ಲ ತಾಮ್ರ ಇರುತ್ತದೆ. ಸರಾಫ ಅಂಗಡಿಯ ಎಕ್ಸ್-ರೇ ಯಂತ್ರಕ್ಕೂ ತೆಳು ಲೇಪದ ಮಾಲು ಸರಿಯಾಗಿ ಅಳೆಯಲು ಬರುವುದಿಲ್ಲ, ಅದು ತೋರಿಸುವ ಶೇಕಡಾ ನಂಬಿ ವ್ಯಾಪಾರ ಕುದುರಿಸಬೇಡಿ. ಆ ಯಂತ್ರ ಇರುವುದು ಒಂದೇ ಸಮ ಲೋಹದ ಒಡವೆಗೆ.

5. ಡಬ್ಬಿ ಡಬ್ಬಿಯಾಗಿ ವಿಂಗಡಿಸಿ

ಪಿಂಗಾಣಿ ಪ್ರೊಸೆಸರ್ ಒಂದು ಡಬ್ಬಿ. ಹಸಿರು ಮೈಯ ಹೊಸ ಪ್ರೊಸೆಸರ್ ಇನ್ನೊಂದು, ಅದರಲ್ಲೂ ಪಿನ್ ಇರುವುದು ಮತ್ತು ಬರೀ ಚುಕ್ಕೆ ಇರುವುದು ಬೇರೆ ಬೇರೆ. ಬಂಗಾರದ ಅಂಚಿನ ರ‍್ಯಾಮ್ ಒಂದು ಕಡೆ, ಬೆಳ್ಳಗಿನ ತವರದ ಅಂಚಿನ ಹಳೆ ರ‍್ಯಾಮ್ ಮತ್ತೊಂದು ಕಡೆ. ಕಾರ್ಡುಗಳು, ಮದರ್‌ಬೋರ್ಡ್‌ಗಳು, ಹಾರ್ಡ್ ಡಿಸ್ಕ್ ಬೋರ್ಡ್, ಮೊಬೈಲ್ ಬೋರ್ಡ್ ಎಲ್ಲ ಬೇರೆ. ಟಿವಿ ಮತ್ತು ಪವರ್ ಸಪ್ಲೈನ ಕಂದು ಬೋರ್ಡ್‌ಗಳು ಕೆಳ ದರ್ಜೆ, ಅವುಗಳನ್ನು ಒಳ್ಳೆ ಮಾಲಿನ ಜೊತೆ ಸೇರಿಸಿದರೆ ಇಡೀ ಚೀಲಕ್ಕೆ ಕೆಳಗಿನ ದರವೇ ಕಟ್ಟುತ್ತಾರೆ.

ಗೋಲ್ಡ್ ಫಿಂಗರ್ ಕತ್ತರಿಸಬೇಕಾ, ಬೇಡವಾ? ವಿಡಿಯೋದಲ್ಲಿ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ. ನನ್ನ ಮಾತು ಕೇಳುವುದಾದರೆ, ಕೊಳ್ಳುವವರನ್ನು ಕೇಳುವ ಮುಂಚೆ ಕತ್ತರಿ ಮುಟ್ಟಬೇಡಿ. ರ‍್ಯಾಮ್‌ನ ಚಿಪ್‌ಗಳಲ್ಲೂ ಬೆಲೆ ಇದೆ, ಇಡಿಯಾದ ರ‍್ಯಾಮ್‌ಗೆ ಬೇರೆಯೇ ದರ ಇರುತ್ತದೆ. ಅಂಚು ಕತ್ತರಿಸಿದ ರ‍್ಯಾಮ್ ಕೊಟ್ಟರೆ ಉಳಿದ ತುಂಡಿಗೆ ಬೆಲೆ ಕುಸಿಯುತ್ತದೆ. ಕತ್ತರಿಸುವುದೇ ಆದರೆ ತಗಡು ಕತ್ತರಿಯಿಂದ, ಹಳದಿ ಪಟ್ಟಿಗೆ ಆದಷ್ಟು ಹತ್ತಿರ, ಹಸಿರು ಭಾಗ ಕಡಿಮೆ ಬರುವ ಹಾಗೆ ಕತ್ತರಿಸಿ. ಗ್ರೈಂಡರ್ ಬೇಡ. ಬೋರ್ಡಿನೊಳಗೆ ಗಾಜಿನ ನಾರು ಇದೆ, ಗ್ರೈಂಡರ್ ಅದನ್ನು ಸಣ್ಣ ಧೂಳು ಮಾಡಿ ಗಾಳಿಗೆ ಬಿಡುತ್ತದೆ.

6. ತೂಗಿ, ಲೆಕ್ಕ ಹಾಕಿ

ಪ್ರತಿ ಡಬ್ಬಿಯ ತೂಕ, ತುಂಡುಗಳ ಎಣಿಕೆ ಒಂದು ಪುಸ್ತಕದಲ್ಲಿ ಬರೆಯಿರಿ, ಫೋಟೋ ತೆಗೆದಿಡಿ. ಆಮೇಲೆ ಬಂಗಾರದ ಅಂದಾಜು.

ಒಳ್ಳೆ ಗೋಲ್ಡ್ ಫಿಂಗರ್ ಮೇಲಿನ ಲೇಪ ಸಾಮಾನ್ಯವಾಗಿ 0.75 ಮೈಕ್ರಾನ್ ಸುತ್ತಮುತ್ತ. ಅಗ್ಗದ ಲೇಪ 0.1 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ಬಂಗಾರದ ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರಿನ ತೂಕ, 19.3 ಗ್ರಾಂ. ಇದರಿಂದ ಒಂದು ಚದರ ಸೆಂಟಿಮೀಟರ್ ಮೇಲೆ 0.75 ಮೈಕ್ರಾನ್ ಲೇಪ ಇದ್ದರೆ ಸುಮಾರು 1.45 ಮಿಲಿಗ್ರಾಂ ಬಂಗಾರ, 0.1 ಮೈಕ್ರಾನ್ ಇದ್ದರೆ 0.19 ಮಿಲಿಗ್ರಾಂ.

ಒಂದು ರ‍್ಯಾಮ್‌ನ ಎರಡೂ ಬದಿಯ ಹಳದಿ ಪಟ್ಟಿಗಳು ಸೇರಿ 4 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ದಪ್ಪ ಲೇಪವೇ ಇದ್ದರೂ 5.8 ಮಿಲಿಗ್ರಾಂ. ಒಂದು ಗ್ರಾಂ ಬಂಗಾರಕ್ಕೆ 170ಕ್ಕೂ ಹೆಚ್ಚು ರ‍್ಯಾಮ್ ಬೇಕು. ತೆಳು ಲೇಪವಾದರೆ ಸುಮಾರು 1,300. ನಿಮ್ಮ ಹತ್ತಿರ ಎಷ್ಟಿದೆ ನೋಡಿ, ಇವತ್ತಿನ ಗ್ರಾಂ ದರದಿಂದ ಗುಣಿಸಿ. ವಿಡಿಯೋದಲ್ಲಿ ನಾಲ್ಕು ರ‍್ಯಾಮ್ ಹಾಕಿ ಉಂಗುರಕ್ಕಾಗುವಷ್ಟು ಬಂಗಾರ ತೆಗೆದದ್ದು ನಿಜವೋ ಸುಳ್ಳೋ ಈ ಲೆಕ್ಕವೇ ಹೇಳುತ್ತದೆ.

7. ಆಸಿಡ್ ಹಂತ: ಇಲ್ಲಿ ಕೈ ಬಿಡಿ

ಬಂಗಾರ ಸುಲಭಕ್ಕೆ ಕರಗುವ ಲೋಹ ಅಲ್ಲ. ಅದನ್ನು ಕರಗಿಸಲು ಬಳಸುವುದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್‌ಗಳ ಮಿಶ್ರಣ, ಇಲ್ಲವೇ ಸಯನೈಡ್. ನೈಟ್ರಿಕ್ ಆಸಿಡ್ ತಾಮ್ರಕ್ಕೆ ತಾಗಿದ ಕೂಡಲೇ ಕಂದು ಬಣ್ಣದ ಹೊಗೆ ಏಳುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್. ಇದರ ಕೆಟ್ಟ ಗುಣ ಏನೆಂದರೆ, ಉಸಿರಾಡಿದಾಗ ಸ್ವಲ್ಪ ಕೆಮ್ಮು ಬಂದು ಹೋಗುತ್ತದೆ, ಮನುಷ್ಯ ಆರಾಮಾಗಿದ್ದೇನೆ ಅಂದುಕೊಳ್ಳುತ್ತಾನೆ, ಎಷ್ಟೋ ತಾಸಿನ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಅಪಾಯವಾಗುತ್ತದೆ. ಬಟ್ಟೆ ಕಟ್ಟಿಕೊಂಡರೆ, ಎನ್95 ಹಾಕಿಕೊಂಡರೆ ಈ ಗಾಳಿ ನಿಲ್ಲುವುದಿಲ್ಲ, ಎನ್95 ಇರುವುದು ಧೂಳಿಗೆ. ನಮ್ಮ ಬೇಸಿಗೆಯ ಬಿಸಿಗೆ ಆಸಿಡ್ ಇನ್ನೂ ಜಾಸ್ತಿ ಹೊಗೆಯಾಡುತ್ತದೆ. ಯಾರಾದರೂ ಈಗಾಗಲೇ ಇಂಥ ಹೊಗೆ ಕುಡಿದಿದ್ದರೆ, ಈಗ ಚೆನ್ನಾಗಿದ್ದರೂ ಸರಿ, ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾವ ಹೊಗೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಆಮೇಲೆ ಉಳಿಯುವ ನೀರು. ಅದರಲ್ಲಿ ತಾಮ್ರ, ಸೀಸ, ನಿಕ್ಕಲ್ ಎಲ್ಲ ಕರಗಿರುತ್ತದೆ. ಅದನ್ನು ಎಲ್ಲಿ ಚೆಲ್ಲುತ್ತೀರಿ? ಗಟಾರಕ್ಕೆ ಚೆಲ್ಲಿದರೆ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಹೊಲಕ್ಕೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಎಷ್ಟೋ ಊರುಗಳು ತುಂಗಭದ್ರಾ ಕಾಲುವೆ ನೀರನ್ನು ಕೆರೆಗೆ ತುಂಬಿಕೊಂಡು ವರ್ಷವಿಡೀ ಕುಡಿಯುತ್ತವೆ. ನೆಲಕ್ಕೆ ಸುರಿದರೆ ಬೋರ್‌ವೆಲ್‌ಗೆ ಇಳಿಯಬಹುದು. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

ಇಷ್ಟೆಲ್ಲ ಮಾಡಿದರೂ ಬಂಗಾರ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಬೆಸುಗೆಯ ತವರ ನೈಟ್ರಿಕ್‌ನಲ್ಲಿ ಬಿಳಿ ಲೋಳೆಯಾಗಿ ಸೋಸುವ ಕಾಗದ ಕಟ್ಟಿಬಿಡುತ್ತದೆ, ಬಂಗಾರದ ಪುಡಿ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕರಗದ ತಾಮ್ರ ಉಳಿದಿದ್ದರೆ, ಕರಗಿದ ಬಂಗಾರ ಮತ್ತೆ ಅದರ ಮೇಲೇ ಹೋಗಿ ಕೂರುತ್ತದೆ. ಹೊಸಬರು ಖಾಲಿ ನೀರು ಅಂತ ಚೆಲ್ಲುವುದರಲ್ಲೇ ಬಂಗಾರ ಹೋಗಿರುತ್ತದೆ. ಹಟ್ಟಿಯಲ್ಲೂ ಬಂಗಾರ ತೆಗೆಯುವುದು ಸಯನೈಡ್‌ನಿಂದಲೇ, ಆದರೆ ಅಲ್ಲಿ ಕಲಿತ ಸಿಬ್ಬಂದಿ, ಪ್ರಯೋಗಾಲಯ, ಉಳಿದ ಕೆಸರು ನಿಲ್ಲಿಸಲು ಒಡ್ಡು ಎಲ್ಲ ಇದೆ. ಬೆಲ್ಜಿಯಂನ ಹೊಬೊಕನ್‌ನಲ್ಲಿರುವ ಯುಮಿಕೋರ್ ಕಾರ್ಖಾನೆಯಲ್ಲಿ ಬೋರ್ಡ್‌ಗಳನ್ನು ದೊಡ್ಡ ಕುಲುಮೆಯಲ್ಲಿ ಕರಗಿಸಿ, ಹೊಗೆಯನ್ನು ಶುದ್ಧ ಮಾಡಿ, ಬಂಗಾರದ ಜೊತೆ ತಾಮ್ರ, ಬೆಳ್ಳಿ, ಪಲ್ಲಾಡಿಯಂ ಕೂಡ ತೆಗೆಯುತ್ತಾರೆ. ಮನೆಯ ಬಕೆಟ್‌ನಲ್ಲಿ ಇವೆಲ್ಲ ಪೋಲಾಗುತ್ತವೆ.

ಕಾನೂನೂ ಇದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದರ ಪ್ರಕಾರ ಇ-ತ್ಯಾಜ್ಯ ಮರುಬಳಕೆ ವ್ಯಾಪಾರ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮನೆಯ ಹಳೆ ಕಂಪ್ಯೂಟರ್ ಬಿಚ್ಚಿ ಕೊಡುವುದು ಒಂದು, ಊರಿನವರ ಮಾಲು ಕೊಂಡು ಬಿಚ್ಚಿ ಮಾರುವುದು ಇನ್ನೊಂದು. ಎರಡನೆಯದಕ್ಕೆ ಇಳಿಯುವ ಮುಂಚೆ ಮಂಡಳಿಯ ಕಚೇರಿಯಲ್ಲಿ ಕೇಳಿ. ಆಸಿಡ್ ಮಾರಾಟಕ್ಕೂ 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಕಟ್ಟುಪಾಡು ಬಂದಿದೆ. 18 ವರ್ಷದೊಳಗಿನವರಿಗೆ ಕೊಡುವಂತಿಲ್ಲ, ಗುರುತಿನ ಚೀಟಿ ನೋಡಿ ಕಾರಣ ಬರೆದುಕೊಂಡು ಕೊಡಬೇಕು.

8. ಯಾರಿಗೆ ಮಾರಬೇಕು, ಹೇಗೆ

ಅಲ್ಯೂಮಿನಿಯಂ, ತಾಮ್ರ, ಕಬ್ಬಿಣ ನಿಮ್ಮ ಊರಿನ ಗುಜರಿ ಅಂಗಡಿಗೇ ಕೊಡಿ, ದುಡ್ಡು ಅಲ್ಲೇ ಸಿಗುತ್ತದೆ. ಬೋರ್ಡ್ ಮತ್ತು ಚಿಪ್ ಅಲ್ಲಿ ಕೊಡಬೇಡಿ. ಎಲ್ಲವನ್ನೂ ಒಂದೇ ಕಿಲೋ ದರಕ್ಕೆ ಹಾಕಿಬಿಡುತ್ತಾರೆ, ಮತ್ತು ಆ ಮಾಲು ಕೊನೆಗೆ ಯಾವುದೋ ಊರಿನ ಆಸಿಡ್ ಬಕೆಟ್‌ಗೇ ಹೋಗಬಹುದು.

ನೋಂದಣಿಯಾದ ಮರುಬಳಕೆದಾರರ ಪಟ್ಟಿ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿದೆ. ಕರ್ನಾಟಕದಲ್ಲಿ ಹೆಚ್ಚಿನವರು ಬೆಂಗಳೂರಿನ ಸುತ್ತ ಇದ್ದಾರೆ. ಫೋನ್ ಮಾಡಿದಾಗ ಇಷ್ಟು ಕೇಳಿ: ಕನಿಷ್ಠ ಎಷ್ಟು ಕಿಲೋ ತೆಗೆದುಕೊಳ್ಳುತ್ತೀರಿ, ದರ್ಜೆಗೊಂದು ದರ ಇದೆಯಾ, ರ‍್ಯಾಮ್ ಇಡಿಯಾಗಿ ಬೇಕಾ ಕತ್ತರಿಸಿ ಬೇಕಾ, ಸಾಗಾಣಿಕೆ ಯಾರದು, ತೂಕ ಎಲ್ಲಿ ಮಾಡುತ್ತೀರಿ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ. ಇಬ್ಬರು ಮೂವರ ದರ ತೆಗೆದುಕೊಳ್ಳದೆ ಒಪ್ಪಬೇಡಿ. ಬೋರ್ಡ್ ಫೋಟೋ ಕಳಿಸುವಾಗ ಎರಡೂ ಬದಿ ಕಳಿಸಿ. ನೋಂದಣಿಯಾದವರು ಮಾಲು ತೆಗೆದುಕೊಂಡದ್ದಕ್ಕೆ ರಸೀದಿ ಕೊಡುತ್ತಾರೆ. ರಸೀದಿ ಇಲ್ಲ, ಬರೀ ನಗದು ಅನ್ನುವವರು ಪಟ್ಟಿಯಲ್ಲಿ ಹೆಸರಿದ್ದರೂ ಬೇಡ.

"ಮುಂಗಡ ಕೊಡಿ, ಬಂಗಾರ ತೆಗೆದು ಗಟ್ಟಿ ಮಾಡಿ ಕೊಡುತ್ತೇವೆ" ಅನ್ನುವವರೂ, ಆಸಿಡ್ ಇಲ್ಲದೆ ಬಂಗಾರ ಕರಗಿಸುವ ಪುಡಿ ಅಂತ ಮಾರುವವರೂ ಫೋನ್ ಮಾಡುತ್ತಾರೆ. ಇಬ್ಬರಿಗೂ ಒಂದು ರೂಪಾಯಿ ಕೊಡಬೇಡಿ.

ಒಬ್ಬರ ಹತ್ತಿರ ಇರುವ ಮಾಲು ಸಾಗಾಣಿಕೆ ಖರ್ಚಿಗೂ ಸಾಲದು ಅನ್ನುವುದು ನಮ್ಮ ಕಡೆಯ ದೊಡ್ಡ ತೊಡಕು. ಅದಕ್ಕೆ ನಾಲ್ಕೈದು ಅಂಗಡಿಯವರು ಸೇರಿ ಮಾರಿದರೆ ಒಳ್ಳೆಯದು. ಪ್ರತಿಯೊಬ್ಬರೂ ತಮ್ಮ ಮಾಲು ವಿಂಗಡಿಸಿ, ತೂಗಿ, ಚೀಲಕ್ಕೆ ಹೆಸರು ಬರೆದು ಕಟ್ಟಲಿ, ಚೀಟಿಯ ಒಂದು ಪ್ರತಿ ಒಳಗೆ, ಒಂದು ಹೊರಗೆ. ಚೀಲಗಳನ್ನು ಒಟ್ಟಿಗೆ ಕಳಿಸಿ, ದರ್ಜೆವಾರು ತೂಕದ ಪಟ್ಟಿಯನ್ನು ಮೊದಲೇ ವಾಟ್ಸಾಪ್‌ನಲ್ಲಿ ಕಳಿಸಿ ದರ ಬರೆಸಿಕೊಳ್ಳಿ. ಅಲ್ಲಿನ ತೂಕ ನಿಮ್ಮ ತೂಕಕ್ಕೆ ಹೊಂದದಿದ್ದರೆ ಅವತ್ತೇ ಕೇಳಿ, ಮಾಲು ಕುಲುಮೆಗೋ ಯಂತ್ರಕ್ಕೋ ಹೋದ ಮೇಲೆ ಕೇಳಿ ಉಪಯೋಗ ಇಲ್ಲ.